ರೋಗಿಯ ಗುಟ್ಟು ಕಾಪಾಡಲು ಸಿಬ್ಬಂದಿಗೆ ತರಬೇತಿ: ಎಲ್ಲಿಂದ ಶುರು ಮಾಡಬೇಕು, ಏನು ಹೇಳಿಕೊಡಬೇಕು

ರೋಗಿಯ ವಿಷಯ ಹೊರಗೆ ಹೇಳಬಾರದು ಅನ್ನುವುದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಸೇರಿದ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿರುತ್ತಾರೆ. ಆದರೂ ವಿಷಯ ಹೊರಗೆ ಹೋಗುತ್ತಲೇ ಇರುತ್ತದೆ. ಬಹಳಷ್ಟು ಸಲ ಅದರ ಹಿಂದೆ ಕೆಟ್ಟ ಉದ್ದೇಶ ಇರುವುದಿಲ್ಲ. ಫೋನ್ ಬರುತ್ತದೆ. "ನಾನು ಅವರ ತಮ್ಮ ಮಾತಾಡ್ತಿರೋದು, ಅಣ್ಣನ ರಿಪೋರ್ಟ್‌ನಲ್ಲಿ ಏನು ಬಂತು?" ಎಂದು ಆ ಕಡೆಯವರು ಗಾಬರಿಯಲ್ಲಿ ಕೇಳುತ್ತಾರೆ. ಕೌಂಟರ್‌ನಲ್ಲಿ ಕೂತವರಿಗೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಒರಟಾಗದಂತೆ ಹೇಗೆ ಇಲ್ಲ ಅನ್ನಬೇಕು ಅನ್ನುವುದೂ ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಹೇಳಿಬಿಡುತ್ತಾರೆ.

ಹಾಗಾಗಿ ತರಬೇತಿ ಕೊಡುವವರ ಮುಖ್ಯ ಕೆಲಸ ಸರಿಯಾದ ಮಾತು ಸಿಬ್ಬಂದಿಯ ನಾಲಿಗೆಯ ತುದಿಯಲ್ಲೇ ಇರುವಂತೆ ಮಾಡುವುದು. ನಿಯಮ ತಿಳಿಸುವುದಕ್ಕೆ ಅರ್ಧ ಗಂಟೆ ಸಾಕು. ಉಳಿದ ಸಮಯವೆಲ್ಲ ಅಭ್ಯಾಸಕ್ಕೆ ಹೋಗಬೇಕು. ದೊಡ್ಡ ಆಸ್ಪತ್ರೆಯಾದರೂ ಅಷ್ಟೇ, ಒಬ್ಬ ಡಾಕ್ಟರ್ ಮತ್ತು ಇಬ್ಬರು ಸಹಾಯಕರು ಇರುವ ಕ್ಲಿನಿಕ್ ಆದರೂ ಅಷ್ಟೇ.

1. ಮೊದಲು ಒಂದು ಸುತ್ತು ನಡೆದು ನೋಡಿ

ಪಾಠ ಸಿದ್ಧಮಾಡುವ ಮುಂಚೆ, ರೋಗಿ ನಡೆಯುವ ದಾರಿಯಲ್ಲೇ ನೀವೂ ನಡೆಯಿರಿ. ಬಾಗಿಲಿನಿಂದ ಶುರು ಮಾಡಿ ರಿಸೆಪ್ಶನ್, ಕಾಯುವ ಜಾಗ, ಡಾಕ್ಟರ್ ಕೋಣೆ, ಲ್ಯಾಬ್, ಔಷಧಿ ಕೌಂಟರ್, ಬಿಲ್ಲಿಂಗ್ ವರೆಗೆ. ಪ್ರತಿ ಜಾಗದಲ್ಲೂ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಏನು ಕೇಳಿಸುತ್ತದೆ? ಏನು ಕಾಣಿಸುತ್ತದೆ?

ಹೀಗೆ ನಿಂತರೆ ಗಮನಕ್ಕೆ ಬರುವ ವಿಷಯಗಳು ಒಂದೆರಡಲ್ಲ. ರಿಸೆಪ್ಶನ್‌ನಲ್ಲಿ "ಯಾವ ತೊಂದರೆಗೆ ತೋರಿಸ್ಬೇಕು?" ಎಂದು ಕೇಳಿದ್ದಕ್ಕೆ ರೋಗಿ ಕೊಡುವ ಉತ್ತರ ಹಿಂದೆ ಸಾಲಲ್ಲಿ ನಿಂತವರಿಗೂ ಕೇಳಿಸುತ್ತದೆ. ವಾರ್ಡಿನಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದು ಡಾಕ್ಟರ್ ಮಾತಾಡುತ್ತಾರೆ. ಪರದೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನಲ್ಲ. ಪಕ್ಕದ ಹಾಸಿಗೆಯವರಿಗೆ ಎಲ್ಲ ಮಾತೂ ಕೇಳಿಸುತ್ತಿರುತ್ತದೆ. ನರ್ಸ್ ಸ್ಟೇಷನ್‌ನ ಬಿಳಿ ಬೋರ್ಡಿನ ಮೇಲೆ ಹೆಸರಿನ ಪಕ್ಕದಲ್ಲೇ ಕಾಯಿಲೆಯೂ ಬರೆದಿರುತ್ತದೆ. ಪ್ರಿಂಟರ್ ಮೇಲೆ ಯಾರೂ ತೆಗೆದುಕೊಂಡು ಹೋಗದ ರಿಪೋರ್ಟ್ ಬಿದ್ದಿರುತ್ತದೆ. ಕಂಪ್ಯೂಟರ್ ತೆರೆದಿಟ್ಟು ಯಾರೋ ಊಟಕ್ಕೆ ಹೋಗಿರುತ್ತಾರೆ.

ಲಿಫ್ಟ್ ಮತ್ತು ಕ್ಯಾಂಟೀನ್ ಮರೆಯಬೇಡಿ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಅಮೆರಿಕದ ಐದು ಆಸ್ಪತ್ರೆಗಳ ಲಿಫ್ಟ್‌ಗಳಲ್ಲಿ ಮೇಲೆ ಕೆಳಗೆ ಓಡಾಡಿ, ಸಿಬ್ಬಂದಿ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಿಸಿಕೊಂಡರು. ರೋಗಿಗಳ ಗುಟ್ಟು ಬಿಟ್ಟುಕೊಡುವ ಮಾತುಗಳು ಅವರ ಕಿವಿಗೆ ಬಿದ್ದವು. ಲಿಫ್ಟ್‌ನಲ್ಲಿ ಪಕ್ಕದಲ್ಲಿ ನಿಂತವರು ಅದೇ ರೋಗಿಯ ಮಗಳೇ ಆಗಿರಬಹುದು, ಅಲ್ವಾ?

ಕಂಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಯಾರ ಹೆಸರೂ ಬೇಡ, ಜಾಗ ಮತ್ತು ಆದದ್ದು ಸಾಕು. ನಿಮ್ಮ ಪಾಠದ ಅರ್ಧ ಭಾಗ ಈ ಪಟ್ಟಿಯಿಂದಲೇ ಬರುತ್ತದೆ. ಕೆಲವನ್ನು ತರಬೇತಿಯಿಂದ ಸರಿಮಾಡಲು ಆಗುವುದಿಲ್ಲ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ರಿಸೆಪ್ಶನ್ ಸಾಲನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಬೇಕು. ತೊಂದರೆ ಏನು ಎಂದು ಬಾಯಲ್ಲಿ ಕೇಳುವ ಬದಲು ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕಂಪ್ಯೂಟರ್ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಬೇಕು. ಇವನ್ನು ಆಡಳಿತದವರ ಹತ್ತಿರ ಮೊದಲೇ ಮಾತಾಡಿ ಮಾಡಿಸಿ. ಜಾಗವೇ ಸರಿಯಿಲ್ಲದೆ ಸಿಬ್ಬಂದಿಗೆ ಬುದ್ಧಿ ಹೇಳಿದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ.

2. ಯಾರನ್ನೂ ಬಿಡಬೇಡಿ

ಡಾಕ್ಟರ್, ನರ್ಸ್‌ಗಳಿಗೆ ಮಾತ್ರ ತರಬೇತಿ ಕೊಟ್ಟು ಮುಗಿಸುವುದು ತುಂಬಾ ಕಡೆ ಕಾಣುವ ಲೋಪ. ವಾರ್ಡ್ ಗುಡಿಸುವವರಿಗೆ ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತದೆ. ಸೆಕ್ಯುರಿಟಿಯವರಿಗೆ ಯಾರು ಯಾವ ವಿಭಾಗಕ್ಕೆ ಬಂದು ಹೋದರು ಅಂತ ಗೊತ್ತಿರುತ್ತದೆ. ಬಿಲ್ಲಿಂಗ್‌ನವರಿಗೆ ಪರೀಕ್ಷೆಗಳ ಪಟ್ಟಿಯೇ ಸಿಗುತ್ತದೆ. ಆಂಬುಲೆನ್ಸ್ ಚಾಲಕರು, ಔಷಧಿ ಕೊಡುವವರು, ತರಬೇತಿಗೆ ಬಂದ ವಿದ್ಯಾರ್ಥಿಗಳು, ಕಂಪ್ಯೂಟರ್ ರಿಪೇರಿಗೆ ಬರುವ ಗುತ್ತಿಗೆಯವರು, ಸ್ವಯಂಸೇವಕರು ಎಲ್ಲರೂ ಬರಬೇಕು.

ಆದರೆ ಎಲ್ಲರಿಗೂ ಒಂದೇ ಪಾಠ ಬೇಡ. ಲ್ಯಾಬಿನವರಿಗೆ ರಿಪೋರ್ಟ್ ಕೈಗೆ ಕೊಡುವ ಕ್ಷಣದ ಬಗ್ಗೆ ಹೇಳಿ. ಸೆಕ್ಯುರಿಟಿಯವರಿಗೆ ಬಾಗಿಲಲ್ಲಿ ಬರುವ ಪ್ರಶ್ನೆಗಳ ಬಗ್ಗೆ ಹೇಳಿ. ತನ್ನ ಕೆಲಸದ ಚಿತ್ರವೇ ಕಣ್ಣೆದುರು ಬಂದರೆ ಜನ ಕಿವಿಗೊಡುತ್ತಾರೆ.

3. ಯಾವುದು ಗುಟ್ಟು ಅಂತ ಬಿಡಿಸಿ ಹೇಳಿ

ಕಾಯಿಲೆಯ ಹೆಸರು ಹೇಳದಿದ್ದರೆ ಸಾಕು ಅಂತ ಹಲವರು ಅಂದುಕೊಂಡಿರುತ್ತಾರೆ. ರೋಗಿ ಇಲ್ಲಿಗೆ ಬಂದಿದ್ದಾರೆ ಅನ್ನುವುದೂ ಗುಟ್ಟೇ. ಮಾನಸಿಕ ಆರೋಗ್ಯ ವಿಭಾಗದ ಮುಂದೆ ಯಾರನ್ನೋ ಕಂಡೆ ಅನ್ನುವ ಒಂದು ಮಾತು ಸಾಕು, ಉಳಿದದ್ದನ್ನು ಕೇಳಿದವರೇ ಊಹಿಸಿಕೊಳ್ಳುತ್ತಾರೆ.

ಹೆಸರು ತೆಗೆದರೆ ಸಾಕು ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಇಲಾಖೆಯೊಂದು ಸರ್ಕಾರಿ ನೌಕರರ ಆರೋಗ್ಯದ ಮಾಹಿತಿಯನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ, ಆ ಮಾಹಿತಿಯನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ನೋಡಿದರು. ಹುಟ್ಟಿದ ದಿನ, ಲಿಂಗ, ಪಿನ್ ಕೋಡ್ ಈ ಮೂರೇ ಸಾಕಾಯಿತು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯೇ ಸಿಕ್ಕಿಬಿಟ್ಟಿತು. ಈ ಕಥೆ ಹೇಳಿದ ಮೇಲೆ ಸಿಬ್ಬಂದಿಗೆ ಒಂದು ಪ್ರಶ್ನೆ ಕೇಳಿ: "ನಿನ್ನೆ ರಾತ್ರಿ ಬಂದ ಆ್ಯಕ್ಸಿಡೆಂಟ್ ಕೇಸ್, ಸ್ಕೂಲ್ ಟೀಚರ್ ಅಂತೆ" ಎಂದು ಹೇಳಿದರೆ ಯಾರು ಅಂತ ಗೊತ್ತಾಗುವುದಿಲ್ಲವೇ? ಚಿಕ್ಕ ಊರಾದರೆ ಮರುದಿನ ಬೆಳಿಗ್ಗೆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಫೋಟೋಗಳ ವಿಷಯದಲ್ಲಂತೂ ಖಂಡಿತವಾಗಿ ಹೇಳಿ. ಮುಖ ಮಸುಕು ಮಾಡಿದರೂ ಹಚ್ಚೆ, ಉಂಗುರ, ಹಿಂದೆ ಕಾಣುವ ಬೋರ್ಡು, ಫೋಟೋ ಹಾಕಿದ ಸಮಯ ಎಲ್ಲವೂ ಗುರುತು ಹೇಳುತ್ತವೆ. ವಾರ್ಡಿನಲ್ಲಿ ಸ್ನೇಹಿತರ ಜೊತೆ ತೆಗೆದ ಸೆಲ್ಫಿಯ ಮೂಲೆಯಲ್ಲಿ ಕೇಸ್ ಶೀಟ್ ಕಾಣಿಸಿದರೂ ಅದು ಹೊರಗೆ ಹೋದ ಹಾಗೆಯೇ.

ಇನ್ನೊಂದು ಮಾತು. ರೋಗಿ ತೀರಿಕೊಂಡ ಮೇಲೂ ಗುಟ್ಟು ಗುಟ್ಟೇ. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಒಪ್ಪಿದ ಜಿನೀವಾ ಪ್ರತಿಜ್ಞೆಯಲ್ಲಿ ರೋಗಿಯ ಗುಟ್ಟು ಕಾಪಾಡುವ ಮಾತಿತ್ತು. ರೋಗಿ ಸತ್ತ ನಂತರವೂ ಅದು ಅನ್ವಯಿಸುತ್ತದೆ ಎಂದು 1968ರಲ್ಲಿ ಸೇರಿಸಿದರು.

4. "ನನ್ನ ಕೆಲಸಕ್ಕೆ ಇದು ಬೇಕಾ?" ಎಂದು ಕೇಳಿಕೊಳ್ಳುವುದನ್ನು ಕಲಿಸಿ

ಬ್ರಿಟನ್ನಿನಲ್ಲಿ ಫಿಯೋನಾ ಕಾಲ್ಡಿಕಾಟ್ ಅವರ ಸಮಿತಿ 1997ರಲ್ಲಿ ರೋಗಿಯ ಮಾಹಿತಿ ಬಳಸುವುದರ ಬಗ್ಗೆ ಆರು ತತ್ವಗಳನ್ನು ಕೊಟ್ಟಿತು. ಅವುಗಳ ತಿರುಳು ಇಷ್ಟು: ಯಾಕೆ ಬೇಕು ಅಂತ ಹೇಳಲು ಆಗಬೇಕು, ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು, ಬೇಕಾದವರ ಕೈಗೆ ಮಾತ್ರ ಸಿಗಬೇಕು.

ಸಿಬ್ಬಂದಿಗೆ ಇದನ್ನು ತತ್ವವಾಗಿ ಹೇಳಿದರೆ ತಲೆ ಆಡಿಸಿ ಎದ್ದುಹೋಗುತ್ತಾರೆ. ಸಂದರ್ಭ ಹಿಡಿದು ಕೇಳಿ. ಪಕ್ಕದ ಮನೆಯವರು ಅಡ್ಮಿಟ್ ಆಗಿದ್ದಾರೆ, ಹೇಗಿದ್ದಾರೋ ಅಂತ ಕಾಳಜಿಯಿಂದ ಫೈಲ್ ತೆರೆದು ನೋಡಬಹುದೇ? ನಿಮ್ಮ ಸಹೋದ್ಯೋಗಿಯೇ ರೋಗಿಯಾಗಿ ಬಂದಿದ್ದಾರೆ, ಅವರ ರಿಪೋರ್ಟ್ ನೋಡಬಹುದೇ? ಸ್ವಂತ ಅಮ್ಮನದ್ದು? ಅವರ ಚಿಕಿತ್ಸೆಯಲ್ಲಿ ನಿಮಗೆ ಪಾಲಿಲ್ಲದಿದ್ದರೆ ಮೂರಕ್ಕೂ ಉತ್ತರ ಬೇಡ ಅನ್ನುವುದೇ. ಇಲ್ಲಿ ಚರ್ಚೆ ಜೋರಾಗಿಯೇ ನಡೆಯುತ್ತದೆ, ನಡೆಯಲಿ. ಕಾಳಜಿ ಇದ್ದರೆ ಹೋಗಿ ಮಾತಾಡಿಸಬೇಕು, ಫೈಲ್ ತೆರೆಯಬಾರದು. ಯಾರ ಲಾಗಿನ್‌ನಿಂದ ಯಾವ ದಾಖಲೆ ಯಾವಾಗ ತೆರೆಯಿತು ಅನ್ನುವುದು ನಿಮ್ಮ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ ಎಂದಾದರೆ ಅದನ್ನೂ ಮುಚ್ಚುಮರೆ ಇಲ್ಲದೆ ತಿಳಿಸಿ.

ಇದರ ಇನ್ನೊಂದು ಬದಿಯನ್ನು ಅಷ್ಟೇ ಒತ್ತಿ ಹೇಳಬೇಕು. 2013ರಲ್ಲಿ ಕಾಲ್ಡಿಕಾಟ್ ತತ್ವಗಳಿಗೆ ಏಳನೆಯದು ಸೇರಿತು: ರೋಗಿಯ ಒಳಿತಿಗಾಗಿ ಮಾಹಿತಿ ಹಂಚಿಕೊಳ್ಳುವುದೂ ಗುಟ್ಟು ಕಾಪಾಡುವಷ್ಟೇ ಮುಖ್ಯವಾಗಬಹುದು ಅಂತ. ಹೆದರಿಸಿ ತರಬೇತಿ ಕೊಟ್ಟರೆ ಸಿಬ್ಬಂದಿ ಬಾಯಿ ಮುಚ್ಚಿಬಿಡುತ್ತಾರೆ. ರಾತ್ರಿ ಪಾಳಿಗೆ ಬಂದ ನರ್ಸ್‌ಗೆ ರೋಗಿಯ ಅಲರ್ಜಿ ವಿಷಯ ಹೇಳದೆ ಹೋದರೆ ಅದು ಗೋಪ್ಯತೆ ಅಲ್ಲ, ಅಪಾಯ. ಚಿಕಿತ್ಸೆ ಕೊಡುತ್ತಿರುವವರಿಗೆ ಬೇಕಾದದ್ದನ್ನು ಪೂರ್ತಿ ಹೇಳಬೇಕು.

5. ಮಾತಿನ ಅಭ್ಯಾಸ: ತರಬೇತಿಯ ಮುಖ್ಯ ಭಾಗ

ಸಿಬ್ಬಂದಿಯನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಕೇಳುವವರು, ಇನ್ನೊಬ್ಬರು ಉತ್ತರ ಕೊಡುವವರು. ಕೇಳುವವರು ಒಂದು ಸಲ ಕೇಳಿ ಸುಮ್ಮನಾಗಬಾರದು. ನಿಜ ಜೀವನದಲ್ಲಿ ಹೇಗೆ ಬೇಡುತ್ತಾರೋ, ಸಿಟ್ಟಾಗುತ್ತಾರೋ, ಅಳುತ್ತಾರೋ ಹಾಗೆಯೇ ಮಾಡಬೇಕು.

ಫೋನಿನ ಸಂದರ್ಭದಿಂದ ಶುರು ಮಾಡಿ.

"ನಮ್ಮಣ್ಣ ನಿಮ್ಮಲ್ಲಿ ಅಡ್ಮಿಟ್ ಆಗಿದ್ದಾರೆ. ಹೇಗಿದ್ದಾರೆ ಈಗ?"

"ನಿಮಗೆ ಗಾಬರಿ ಆಗಿರೋದು ಅರ್ಥ ಆಗುತ್ತೆ ಸರ್. ಯಾರು ಇಲ್ಲಿದ್ದಾರೆ, ಇಲ್ಲ ಅನ್ನೋದನ್ನ ನಾವು ಫೋನಿನಲ್ಲಿ ಯಾರಿಗೂ ಹೇಳಲ್ಲ. ನಿಮ್ಮ ಹೆಸರು, ನಂಬರ್ ಕೊಡಿ. ಅವರು ಇಲ್ಲಿದ್ದರೆ ಅವರಿಗೇ ತಲುಪಿಸ್ತೀನಿ, ಅವರು ಒಪ್ಪಿದರೆ ನಿಮಗೆ ಫೋನ್ ಬರುತ್ತೆ."

"ಅಯ್ಯೋ, ನಾನು ಸ್ವಂತ ತಮ್ಮ ಕಣಮ್ಮಾ! ಇಷ್ಟು ಹೇಳೋಕೆ ಆಗಲ್ವಾ?"

"ಖಂಡಿತ ನೀವು ತಮ್ಮನೇ ಇರಬಹುದು ಸರ್. ಫೋನಿನಲ್ಲಿ ಅದು ನನಗೆ ಗೊತ್ತಾಗಲ್ಲ. ನಾಳೆ ನಿಮ್ಮ ವಿಷಯ ಯಾರಾದರೂ ಹೀಗೇ ಕೇಳಿದರೂ ನಾನು ಇದನ್ನೇ ಹೇಳ್ತೀನಿ."

ಇಲ್ಲಿ ಮೂರು ಕೆಲಸ ಆಗಿವೆ. ಕೇಳಿದವರ ಆತಂಕಕ್ಕೆ ಸ್ಪಂದಿಸಿದ್ದಾಯಿತು. ರೋಗಿ ಇದ್ದಾರೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಮುಂದೆ ಏನು ಮಾಡಬಹುದು ಅಂತ ಒಂದು ದಾರಿ ತೋರಿಸಿದ್ದಾಯಿತು. ಈ ಮೂರನೆಯದನ್ನು ಬಿಟ್ಟರೆ ಜಗಳ ಗ್ಯಾರಂಟಿ. ಬರೀ "ಹೇಳೋಕಾಗಲ್ಲ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಿಮ್ಮ ಆಸ್ಪತ್ರೆಯ ಪದ್ಧತಿಗೆ ತಕ್ಕ ಹಾಗೆ ಮಾತನ್ನು ಬದಲಿಸಿಕೊಳ್ಳಿ, ಆದರೆ ಈ ಮೂರೂ ಇರಲಿ.

ಎರಡನೆಯ ಸಂದರ್ಭ ಕಾರಿಡಾರ್. ರೋಗಿಯ ಕಡೆಯವರು ನರ್ಸ್ ಕೈ ಹಿಡಿದು, "ಸಿಸ್ಟರ್, ಡಾಕ್ಟರ್ ಏನಂದ್ರು? ನಮಗೆ ಮಾತ್ರ ಹೇಳಿ, ಅವರಿಗೆ ಹೇಳ್ಬೇಡಿ" ಅನ್ನುತ್ತಾರೆ. ಮನೆಯವರು ರೋಗಿಗಿಂತ ಮೊದಲೇ ತಿಳಿದುಕೊಳ್ಳಲು ಬಯಸುವುದು ಪ್ರೀತಿಯಿಂದಲೇ. ಆದರೆ ವಿಷಯ ರೋಗಿಯದ್ದು. "ಅವರನ್ನು ಒಂದು ಮಾತು ಕೇಳಿ, ಅವರು ಸರಿ ಅಂದರೆ ನಿಮ್ಮೆಲ್ಲರನ್ನೂ ಕೂರಿಸಿಕೊಂಡು ಡಾಕ್ಟರೇ ಹೇಳ್ತಾರೆ" ಎನ್ನುವುದನ್ನು ರೂಢಿ ಮಾಡಿಸಿ. ಇದು ಸಲೀಸಾಗಬೇಕಾದರೆ ಅಡ್ಮಿಟ್ ಆಗುವಾಗಲೇ ರೋಗಿಯನ್ನು ಕೇಳಿ ಬರೆದಿಟ್ಟುಕೊಂಡಿರಬೇಕು: ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು, ಯಾವ ನಂಬರಿಗೆ ಫೋನ್ ಮಾಡಬಹುದು. ಈ ಪ್ರಶ್ನೆಯನ್ನು ರೋಗಿ ಒಬ್ಬರೇ ಇದ್ದಾಗ ಕೇಳಬೇಕು. ಪಕ್ಕದಲ್ಲಿ ಗಂಡ ನಿಂತಿದ್ದಾಗ "ನಿಮ್ಮ ಗಂಡನಿಗೆ ಹೇಳಬಹುದಾ?" ಎಂದು ಕೇಳಿದರೆ ಆಕೆ ಬೇಡ ಅನ್ನುವುದು ಹೇಗೆ? ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿನ ಮಟ್ಟಿಗೆ ಈ ಒಂದು ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗಬಹುದು. ಭಾಷೆ ಬಾರದ ರೋಗಿಗೆ ಮನೆಯವರನ್ನೇ ದುಭಾಷಿ ಮಾಡಿಕೊಳ್ಳುವಾಗಲೂ ಇದನ್ನೇ ನೆನಪಿಡಬೇಕು.

ಮೂರನೆಯದು ಅಧಿಕಾರದ ದನಿ. ಪೊಲೀಸರು, ಪತ್ರಕರ್ತರು, ರೋಗಿ ಕೆಲಸ ಮಾಡುವ ಕಚೇರಿಯವರು, ಬೇರೆ ವಿಭಾಗದ ಹಿರಿಯ ಡಾಕ್ಟರ್. ಕೊನೆಯವರ ಮುಂದೆಯೇ ಸಿಬ್ಬಂದಿ ಜಾಸ್ತಿ ಸೋಲುತ್ತಾರೆ. ಹೊಸದಾಗಿ ಸೇರಿದ ನರ್ಸ್ ಹಿರಿಯ ಡಾಕ್ಟರಿಗೆ "ಸರ್, ಈ ರೋಗಿಯನ್ನು ನೋಡ್ತಿರೋ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ ಹೇಳ್ತೀನಿ" ಅನ್ನುವುದನ್ನು ತರಬೇತಿ ಕೋಣೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು. ಸಾಧ್ಯವಾದರೆ ಒಬ್ಬ ಹಿರಿಯ ಡಾಕ್ಟರೇ ಬಂದು ಆ ಪಾತ್ರ ಮಾಡಲಿ, ಉತ್ತರ ಕೇಳಿ "ಸರಿಯಾಗಿ ಹೇಳಿದ್ರಿ" ಅನ್ನಲಿ. ಹತ್ತು ಸ್ಲೈಡ್ ತೋರಿಸುವುದಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಮನೆಯ ಮಾತನ್ನೂ ಸೇರಿಸಿ. ಡ್ಯೂಟಿ ಮುಗಿಸಿ ಬಂದವರನ್ನು ಮನೆಯವರು "ಇವತ್ತು ಏನಾಯ್ತು?" ಎಂದು ಕೇಳುತ್ತಾರೆ. ಕಷ್ಟದ ದಿನ ಕಳೆದವರಿಗೆ ಮಾತಾಡಲೇಬೇಕು ಅನ್ನಿಸುತ್ತದೆ. ಅದನ್ನು ತಡೆಯಬೇಡಿ. "ಇವತ್ತು ತುಂಬಾ ಬೇಜಾರಾಯ್ತು, ಸುಸ್ತಾಗಿದೆ" ಎಂದು ತನ್ನ ಮನಸ್ಸಿನ ಬಗ್ಗೆ ಹೇಳಿಕೊಳ್ಳಬಹುದು, ರೋಗಿಯ ಬಗ್ಗೆ ಬೇಡ. ಮನಸ್ಸು ಹಗುರ ಮಾಡಿಕೊಳ್ಳಲು ಆಸ್ಪತ್ರೆಯ ಒಳಗೇ ಒಂದು ಜಾಗ, ಒಂದು ಹೊತ್ತು ಕೊಡಿ. ಅದು ಇಲ್ಲದ ಕಡೆ ಮಾತು ಬೇರೆಲ್ಲೋ ದಾರಿ ಹುಡುಕಿಕೊಳ್ಳುತ್ತದೆ.

6. ಫೋನ್, ಕಂಪ್ಯೂಟರ್, ಕಾಗದ

2015ರಲ್ಲಿ ಲಂಡನ್ನಿನ ಒಂದು ಲೈಂಗಿಕ ಆರೋಗ್ಯ ಕ್ಲಿನಿಕ್, ತನ್ನ ಎಚ್‌ಐವಿ ಸೇವೆಗೆ ಸೇರಿದವರಿಗೆ ಒಂದು ಸುದ್ದಿಪತ್ರವನ್ನು ಇಮೇಲ್ ಮಾಡಿತು. ಕಳಿಸಿದವರು ವಿಳಾಸಗಳನ್ನು ಬೇರೆಯವರಿಗೆ ಕಾಣದ ಜಾಗದಲ್ಲಿ ಹಾಕುವ ಬದಲು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಿದ್ದರು. ಸುಮಾರು 780 ಜನರ ಇಮೇಲ್ ವಿಳಾಸ ಒಬ್ಬರಿಂದ ಒಬ್ಬರಿಗೆ ಗೊತ್ತಾಯಿತು, ಹೆಚ್ಚಿನವರ ಪೂರ್ತಿ ಹೆಸರೂ ಅದರಲ್ಲಿತ್ತು. ಮರುವರ್ಷ 1,80,000 ಪೌಂಡ್ ದಂಡ ಬಿತ್ತು. ಯಾರೂ ಹ್ಯಾಕ್ ಮಾಡಿರಲಿಲ್ಲ. ಅದೇ ಸಂಸ್ಥೆಯಲ್ಲಿ 2010ರಲ್ಲೂ ಇಂಥದ್ದೇ ಆಗಿತ್ತು. ತಪ್ಪು ಆದ ಮೇಲೆ ಸಿಬ್ಬಂದಿಗೆ ಸರಿಯಾದ ತರಬೇತಿ ಸಿಗದಿದ್ದರೆ ಅದು ಮತ್ತೆ ಆಗುತ್ತದೆ.

ಈ ಭಾಗದಲ್ಲಿ ಕೈಯಲ್ಲಿ ಮಾಡಿಸಿ ತೋರಿಸುವುದೇ ಪಾಠ. ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡುವುದನ್ನು ಪ್ರತಿಯೊಬ್ಬರಿಂದಲೂ ಮಾಡಿಸಿ. ಇಮೇಲ್‌ನಲ್ಲಿ ಎರಡಕ್ಷರ ಒತ್ತಿದ ಕೂಡಲೇ ಅದೇ ಹೆಸರಿನ ಬೇರೆಯವರ ವಿಳಾಸ ಬಂದು ಕೂರುವುದನ್ನು ತೋರಿಸಿ. ಒಬ್ಬರ ಲಾಗಿನ್ ಇನ್ನೊಬ್ಬರು ಬಳಸುವುದರಿಂದ, ಮಾಡದ ತಪ್ಪು ತಮ್ಮ ಹೆಸರಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಆದರೆ ಲಾಗಿನ್ ಆಗಲು ಬಹಳ ಹೊತ್ತು ಹಿಡಿಯುವ ಕಂಪ್ಯೂಟರ್ ಕೊಟ್ಟು, ಹಂಚಿಕೊಳ್ಳಬೇಡಿ ಅಂದರೆ ಯಾರು ಕೇಳುತ್ತಾರೆ? ಅದನ್ನೂ ಆಡಳಿತಕ್ಕೆ ಹೇಳಬೇಕು.

ವಾಟ್ಸಾಪ್ ಗ್ರೂಪ್‌ಗಳ ಬಗ್ಗೆ ಬೇಡ ಅಂದಷ್ಟಕ್ಕೆ ನಿಲ್ಲುವುದಿಲ್ಲ. ಎಕ್ಸ್‌ರೇ ಫೋಟೋ ಕಳಿಸಿ ಹಿರಿಯರ ಸಲಹೆ ಕೇಳುವುದು ನಿಜವಾದ ಅಗತ್ಯ. ಅದಕ್ಕೆ ಆಸ್ಪತ್ರೆ ಒಪ್ಪಿದ ದಾರಿ ಯಾವುದು ಅಂತ ತೋರಿಸಿ. ದಾರಿಯೇ ಇಲ್ಲದಿದ್ದರೆ ಮೊದಲು ಒಂದನ್ನು ಮಾಡಿ. ಸ್ವಂತ ಫೋನಿನಲ್ಲಿ ತೆಗೆದ ಫೋಟೋ ತಾನಾಗಿಯೇ ಆನ್‌ಲೈನ್ ಗ್ಯಾಲರಿಗೆ ಹೋಗಿ, ಮನೆಯ ಟಿವಿಯಲ್ಲೂ ಕಾಣಿಸಬಹುದು ಅನ್ನುವುದನ್ನು ಹೇಳಿ. ರೋಗಿಯ ಟಿಪ್ಪಣಿಯನ್ನು ಆನ್‌ಲೈನ್ ಅನುವಾದಕ್ಕೋ ಚಾಟ್‌ಬಾಟ್‌ಗೋ ಹಾಕುವುದೂ ಹೊರಗಿನವರ ಕೈಗೆ ಕೊಟ್ಟ ಹಾಗೆಯೇ, ಆಸ್ಪತ್ರೆ ಒಪ್ಪಿರುವ ಸಾಧನ ಅದಲ್ಲದಿದ್ದರೆ.

ಕಾಗದದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಹ್ಯಾಂಡೋವರ್ ಚೀಟಿ, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿಷಯ ಒಪ್ಪಿಸಲು ಇಟ್ಟುಕೊಳ್ಳುವ ಪಟ್ಟಿ. ನಾಲ್ಕಾಗಿ ಮಡಿಚಿದ ಒಂದು ಹಾಳೆ. ಅದರಲ್ಲಿ ಹತ್ತಿಪ್ಪತ್ತು ರೋಗಿಗಳ ಹೆಸರು, ವಯಸ್ಸು, ಕಾಯಿಲೆ, ಔಷಧಿ ಎಲ್ಲ ಇರುತ್ತದೆ, ಅಂಚಿನಲ್ಲಿ ಪೆನ್ನಿನಿಂದ ಬರೆದ ಟಿಪ್ಪಣಿಗಳೂ. ಡ್ಯೂಟಿ ಮುಗಿದಾಗ ಅದು ಯೂನಿಫಾರಂ ಜೇಬಿನಲ್ಲೇ ಉಳಿದು, ಬಸ್ಸು ಹತ್ತಿ, ಮನೆಯ ಬಟ್ಟೆಬುಟ್ಟಿ ಸೇರುತ್ತದೆ. ಅಥವಾ ದಾರಿಯಲ್ಲಿ ಟಿಕೆಟ್ ತೆಗೆಯುವಾಗ ಬಿದ್ದುಹೋಗುತ್ತದೆ. ಇದಕ್ಕೆ ಸುಲಭದ ಪರಿಹಾರ ಇದೆ: ಹೊರಗೆ ಹೋಗುವ ಬಾಗಿಲ ಪಕ್ಕದಲ್ಲೇ ಬೀಗ ಹಾಕಿದ, ಚೂರು ಮಾಡುವ ಕಾಗದಗಳ ಡಬ್ಬ ಇಡಿ. ಬಟ್ಟೆ ಬದಲಿಸುವ ಮುಂಚೆ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ರೂಢಿ ಮಾಡಿಸಿ.

7. ಹೇಳಲೇಬೇಕಾದ ಸಂದರ್ಭಗಳು

ಕಾನೂನು ಕೆಲವು ಕಡೆ ಬಾಯಿ ಬಿಡಲೇಬೇಕು ಅನ್ನುತ್ತದೆ. ಕೆಲವು ಸಾಂಕ್ರಾಮಿಕ ರೋಗಗಳನ್ನು ಆರೋಗ್ಯ ಇಲಾಖೆಗೆ ತಿಳಿಸುವುದು, ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನ, ನ್ಯಾಯಾಲಯದ ಆದೇಶ ಇಂಥವು. ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದಾಗಿನ ಪ್ರಶ್ನೆ ಇನ್ನೂ ಕಷ್ಟದ್ದು. ರೋಗಿ ಒಬ್ಬರನ್ನು ಕೊಲ್ಲುವುದಾಗಿ ಚಿಕಿತ್ಸಕರಿಗೆ ಹೇಳಿ ಆಮೇಲೆ ಕೊಂದ ತರಾಸಾಫ್ ಪ್ರಕರಣದಲ್ಲಿ, ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸುವ ಹೊಣೆ ಚಿಕಿತ್ಸಕರ ಮೇಲಿದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಆದರೆ ಇದು ಎಲ್ಲ ದೇಶದಲ್ಲೂ ಒಂದೇ ತರಹ ಇಲ್ಲ. ನಿಮ್ಮ ಕಡೆಯ ಕಾನೂನು ಗೊತ್ತಿರುವ ವಕೀಲರಿಂದ ಒಂದು ಪುಟದ ಟಿಪ್ಪಣಿ ಬರೆಸಿ ಎಲ್ಲರಿಗೂ ಕೊಡಿ.

ಸಿಬ್ಬಂದಿಗೆ ಕಲಿಸಬೇಕಾದದ್ದು ಇಷ್ಟೇ: ಒಬ್ಬರೇ ನಿರ್ಧಾರ ಮಾಡಬೇಡಿ. ಯಾರನ್ನು ಕೇಳಬೇಕು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಗೋಡೆಯ ಮೇಲೆ ಇರಲಿ. ಹೇಳಲೇಬೇಕಾದಾಗಲೂ ಬೇಕಾದಷ್ಟನ್ನೇ ಹೇಳಿ, ಯಾರಿಗೆ, ಯಾಕೆ, ಯಾವಾಗ ಹೇಳಿದಿರಿ ಅಂತ ಬರೆದಿಡಿ.

8. ಬಾಯಿ ಜಾರಿದಾಗ

ಎಷ್ಟು ಎಚ್ಚರ ಇದ್ದರೂ ತಪ್ಪು ಆಗುತ್ತದೆ. ಆಗ ಮುಚ್ಚಿಡದೆ ಕೂಡಲೇ ಹೇಳುವ ವಾತಾವರಣ ಇರಬೇಕು. ತಪ್ಪು ನಂಬರಿಗೆ ಹೋದ ರಿಪೋರ್ಟನ್ನು ಹತ್ತು ನಿಮಿಷದಲ್ಲಿ ಅಳಿಸಿಹಾಕಿಸಲು ಸಾಧ್ಯವಾಗಬಹುದು, ಹತ್ತು ದಿನದ ನಂತರ ಆಗುವುದಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ಕಾನೂನು, ಜನರಿಗೆ ಅಪಾಯ ಆಗುವಂಥ ಸೋರಿಕೆಯನ್ನು ಗೊತ್ತಾದ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು ಅನ್ನುತ್ತದೆ. ಸಿಬ್ಬಂದಿ ಹೆದರಿ ಮೂರು ದಿನ ಸುಮ್ಮನಿದ್ದರೆ ಆ ಗಡುವು ಕೈತಪ್ಪುತ್ತದೆ.

ಅವಸರದಲ್ಲಿ ಆದ ತಪ್ಪನ್ನೂ ಕುತೂಹಲಕ್ಕೆ ಬೇಕಂತಲೇ ಫೈಲ್ ತೆರೆದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯದಕ್ಕೆ ಕಾರಣ ಹುಡುಕಿ ಸರಿಮಾಡಿ. ಎರಡನೆಯದಕ್ಕೆ ಶಿಸ್ತಿನ ಕ್ರಮ ಇದೆ ಅಂತ ಮೊದಲೇ ತಿಳಿಸಿರಿ. ಮತ್ತೆ, ರೋಗಿಗೆ ಹೇಳಿ. ಏನಾಯಿತು, ಯಾವ ವಿಷಯ ಯಾರಿಗೆ ಗೊತ್ತಾಯಿತು, ಈಗ ನಾವೇನು ಮಾಡುತ್ತಿದ್ದೇವೆ ಅಂತ ನೇರವಾಗಿ ಹೇಳಿ ಕ್ಷಮೆ ಕೇಳುವುದನ್ನೂ ಅಭ್ಯಾಸದ ಪಟ್ಟಿಗೆ ಸೇರಿಸಿ. ಕ್ಷಮೆ ಕೇಳುವುದೂ ಕಲಿಯಬೇಕಾದ ಕೆಲಸವೇ.

9. ಒಂದು ಸಲಕ್ಕೆ ಮುಗಿಸಬೇಡಿ

ಹೊಸಬರಿಗೆ ಲಾಗಿನ್ ಕೊಡುವ ಮುಂಚೆಯೇ ಮೊದಲ ಪಾಠ ಆಗಿರಲಿ. ಆಮೇಲೆ ವರ್ಷಕ್ಕೊಮ್ಮೆ ದಿನಪೂರ್ತಿ ಕೂರಿಸುವ ಬದಲು, ಪಾಳಿ ಬದಲಾಗುವ ಹೊತ್ತಿನಲ್ಲಿ ಆಗಾಗ ಹತ್ತು ನಿಮಿಷ ತೆಗೆದುಕೊಳ್ಳಿ. ಒಂದು ಸಂದರ್ಭ, ಇಬ್ಬರ ಅಭ್ಯಾಸ, ಅಷ್ಟೇ. ಸಂದರ್ಭಗಳನ್ನು ಸಿಬ್ಬಂದಿಯಿಂದಲೇ ಕೇಳಿ: "ಈ ವಾರ ಯಾರಾದರೂ ಕೇಳಬಾರದ್ದು ಕೇಳಿದ್ರಾ? ಏನು ಹೇಳಿದ್ರಿ?"

ಪರೀಕ್ಷೆಯ ಅಂಕದಿಂದ ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳ ನಂತರ, ಮೊದಲು ನಡೆದ ದಾರಿಯಲ್ಲೇ ಹಳೆಯ ಪಟ್ಟಿ ಹಿಡಿದು ಮತ್ತೆ ನಡೆಯಿರಿ. ಆಡಳಿತದ ಒಪ್ಪಿಗೆ ಪಡೆದು, ಹೊರಗಿನವರ ಹಾಗೆ ರಿಸೆಪ್ಶನ್‌ಗೆ ಫೋನ್ ಮಾಡಿ ಒಬ್ಬ ರೋಗಿಯ ವಿಷಯ ಕೇಳಿ ನೋಡಿ. ಇಂಥ ಫೋನ್ ಬರಬಹುದು ಅಂತ ಸಿಬ್ಬಂದಿಗೆ ಮೊದಲೇ ಹೇಳಿರಬೇಕು, ಯಾವ ದಿನ ಅಂತ ಹೇಳುವುದು ಬೇಡ. ಸರಿಯಾಗಿ ಉತ್ತರ ಕೊಟ್ಟವರಿಗೆ ಅದೇ ದಿನ, ಎಲ್ಲರ ಎದುರಿಗೆ ಶಾಬಾಸ್ ಹೇಳಿ. ತಡವರಿಸಿದವರ ಜೊತೆ ಬೇರೆ ಕೂತು, ಆ ಮಾತನ್ನು ಇನ್ನೊಂದು ಸಲ ಅಭ್ಯಾಸ ಮಾಡಿಸಿ.